ಹಲ್ಲಿನ ಡಾಕ್ಟರ ಕಾರಿನ ಕೆಂಪು ದೀಪ

ಗಾಡಿಗಳ ವೈರಿಂಗ್ ಕೆಲಸ ಮಾಡುವವರಿಗೆ ಯಾವುದಕ್ಕೆ ಬರ ಬಂದರೂ ನಗುವುದಕ್ಕೆ ಬರ ಬರುವುದಿಲ್ಲ. ಬೆಳಿಗ್ಗೆ ಅಂಗಡಿಯ ಷಟರ್ ಇನ್ನೂ ಅರ್ಧ ಎತ್ತಿರುತ್ತೇನೆ, ಅಷ್ಟರಲ್ಲಿ ಯಾರೋ ಒಬ್ಬರು ಬಗ್ಗಿ ಮುಖ ಒಳಗೆ ಹಾಕಿ, "ಅಮ್ಮಾ, ಬ್ರೇಕ್ ಒತ್ತಿದ್ರೆ ರೇಡಿಯೋ ಹಾಡುತ್ತೆ, ಹಾರ್ನ್ ಒತ್ತಿದ್ರೆ ವೈಪರ್ ಓಡುತ್ತೆ, ಸ್ವಲ್ಪ ನೋಡಿ" ಅನ್ನುತ್ತಾರೆ.

ಅಂಗಡಿ ಇರೋದು ಹಲಸೂರಿನಲ್ಲಿ, ಒಂದು ಹೂವಿನಂಗಡಿಗೂ ಒಂದು ಟೀ ಅಂಗಡಿಗೂ ನಡುವೆ. ಕಟ್ಟಿದ್ದು ನಮ್ಮಪ್ಪ. ರಾಯಚೂರು ಕಡೆಯಿಂದ ಬಂದು, ಬಾಡಿಗೆ ರೂಮಿನಲ್ಲಿ ಸಂಸಾರ ಹೂಡಿ, ಬ್ಯಾಟರಿ, ಡೈನಮೋ, ಸೆಲ್ಫ್ ಮೋಟಾರು ಅಂತ ಕೈಯಲ್ಲೇ ಕಲಿತವರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಅಂಗಡಿಯಲ್ಲಿ ಕೂತೆ, ಅಪ್ಪನ ಕಣ್ಣಿಗೆ ಪೊರೆ ಬಂದ ಮೇಲೆ ಕೆಲಸವೆಲ್ಲ ನನ್ನ ಕೈಗೇ ಬಂತು. ಅಪ್ಪ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಬರೀ ಕಿವಿಯಿಂದ ಮೇಲ್ವಿಚಾರಣೆ ಮಾಡುತ್ತಿದ್ದರು. ಸೆಲ್ಫ್ ಹೊಡೆದ ಸದ್ದು ಕೇಳಿಯೇ, "ಮೋಟಾರಿನ ಒಳಗಿನ ಕಾರ್ಬನ್ ಬ್ರಷ್ ಸವದಾದ" ಅನ್ನುತ್ತಿದ್ದರು. ತಪ್ಪಾದದ್ದು ನಾನಂತೂ ನೋಡಿಲ್ಲ.

ಇಷ್ಟು ವರ್ಷದಲ್ಲಿ ಎಷ್ಟೋ ಗಾಡಿ ನೋಡಿದ್ದೇನೆ. ಆದರೆ ಒಂದೇ ಕಾರು, ಅದರಲ್ಲಿ ಒಂದೇ ಒಂದು ದೀಪ, ಹತ್ತು ವರ್ಷಕ್ಕೂ ಮೇಲ್ಪಟ್ಟು ನನ್ನ ಬೆನ್ನು ಹತ್ತಿದ್ದು ಈ ಒಂದು ಸಲ ಮಾತ್ರ.

ಮೇಸ್ತ್ರಿ ಎಲ್ಲಿ?

ತೊಂಬತ್ತರ ದಶಕದ ನಡುಭಾಗ. ಒಂದು ಬೆಳಿಗ್ಗೆ ಅಂಗಡಿ ಮುಂದೆ ಕೆಂಪು ಬಣ್ಣದ ವಿದೇಶಿ ಕಾರು ಬಂದು ನಿಂತಿತು. ಎರಡೇ ಸೀಟು. ಮೂಗು ಉದ್ದ, ಬೆನ್ನು ಗಿಡ್ಡ, ನೆಲಕ್ಕೆ ಎಷ್ಟು ಹತ್ತಿರ ಅಂದರೆ ಇಳಿಯುವವರು ಇಳಿಯುವುದಿಲ್ಲ, ಎದ್ದು ಬರುತ್ತಾರೆ. ಹಾಗೆ ಎದ್ದು ಬಂದವರು ಕಾಕ್ಸ್‌ಟೌನಿನ ಹಲ್ಲಿನ ಡಾಕ್ಟರು. ಆ ಬಡಾವಣೆಗೆ ಸರ್ವಜ್ಞನಗರ ಅಂತ ಬೋರ್ಡ್ ಇದೆ, ಆದರೆ ಡಾಕ್ಟರ ಬಾಯಿಂದ ಆ ಹೆಸರು ಬಂದದ್ದು ನಾನು ಕೇಳಿಲ್ಲ.

ನನ್ನನ್ನು ನೋಡಿ, "ಏನಮ್ಮಾ, ಮೇಸ್ತ್ರಿ ಎಲ್ಲಿ?" ಅಂದರು.

"ನಾನೇ ಸಾರ್."

"ಅಲ್ಲ, ಕೆಲಸ ಮಾಡೋ ಮೇಸ್ತ್ರಿ?"

ಅಪ್ಪ ಸ್ಟೂಲಿನ ಮೇಲಿಂದಲೇ, "ಆಕೀನ ಮೇಸ್ತ್ರಿ ಅದಾಳ್ರಿ. ನಾ ಬರೇ ಕಾವಲಿಗಿ ಕುಂತೀನಿ" ಅಂದರು.

ಡಾಕ್ಟರು ಅರೆಮನಸ್ಸಿನಿಂದ ವಿಷಯ ಹೇಳಿದರು. ಡ್ಯಾಶ್‌ಬೋರ್ಡಿನಲ್ಲಿ ಕೂಲೆಂಟಿನ ಕೆಂಪು ದೀಪ ಹತ್ತಿದೆ, ಆರುತ್ತಲೇ ಇಲ್ಲ. ಕೂಲೆಂಟ್ ಅಂದರೆ ಮತ್ತೇನಲ್ಲ, ಇಂಜಿನ್ನಿನ ಬಿಸಿಯನ್ನು ಹೊತ್ತು ತಿರುಗುವ ನೀರು, ಅದಕ್ಕೊಂದಿಷ್ಟು ಹಸಿರು ಔಷಧಿ ಬೆರೆಸಿರುತ್ತಾರೆ. ಅದು ಕಮ್ಮಿಯಾದರೆ ಆ ದೀಪ ಹತ್ತಬೇಕು. ಇವರ ಕಾರಿನಲ್ಲಿ ನೀರು ತುಂಬಿದ್ದರೂ ಹತ್ತುತ್ತಿದೆ. ಒಂದು ಗ್ಯಾರೇಜಿನವರು ರೇಡಿಯೇಟರ್ ಬದಲಾಯಿಸಿ ಅಂದಿದ್ದಾರೆ, ಇನ್ನೊಬ್ಬರು ಇಂಜಿನ್ನೇ ಬಿಚ್ಚಬೇಕು ಅಂದಿದ್ದಾರೆ.

"ಡಾಕ್ಟ್ರೇ, ಹಲ್ಲು ನೋವು ಅಂತ ಬಂದವರಿಗೆ ನೀವು ದವಡೆನೇ ತೆಗೀತೀರಾ?" ಅಂದೆ. ಅವರು ಮೊದಲ ಸಲ ನನ್ನ ಮುಖ ಸರಿಯಾಗಿ ನೋಡಿದರು.

ಇಂಜಿನ್ ಆರುವ ತನಕ ಕಾದೆ. ನೀರಿನ ತೊಟ್ಟಿಯ ಮುಚ್ಚಳ ತೆಗೆದು ನೋಡಿದರೆ ನಿಜಕ್ಕೂ ತುಂಬಿತ್ತು. ತೊಟ್ಟಿಯಿಂದ ದೀಪಕ್ಕೆ ಹೋಗುವ ವೈರಿನ ಪ್ಲಗ್ ಕಿತ್ತೆ. ದೀಪ ಆರಿತು. ಅಂದರೆ ವೈರಿನಲ್ಲಿ ತಪ್ಪಿಲ್ಲ, ತೊಟ್ಟಿಯೊಳಗಿನ ಫ್ಲೋಟಿನಲ್ಲಿ ತಪ್ಪು. ಫ್ಲೋಟ್ ಅಂದರೆ ಒಂದು ಪುಟ್ಟ ಪ್ಲಾಸ್ಟಿಕ್ ಉಂಡೆ, ನೀರಿನ ಮೇಲೆ ತೇಲುತ್ತಿರುತ್ತೆ. ನೀರು ಇಳಿದರೆ ಅದೂ ಕೆಳಗಿಳಿದು ದೀಪ ಹಚ್ಚುತ್ತೆ. ಅದನ್ನು ಹೊರಗೆ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಬುಳುಕ್ ಅಂತು. ಕೂದಲೆಳೆಯಷ್ಟು ಬಿರುಕು ಬಿಟ್ಟು ಒಳಗೆ ನೀರು ಸೇರಿತ್ತು. ತೇಲಬೇಕಾದ್ದು ಕುಡಿದು ಮುಳುಗಿತ್ತು.

"ಹೊಸದು ಇಲ್ಲಿ ಸಿಗಲ್ಲ ಡಾಕ್ಟ್ರೇ. ಬಿಸಿ ನೀರಿಗೆ ಜಗ್ಗದೆ ಇರೋ ಏನಾದ್ರೂ ಸಿಕ್ಕಿದ್ರೆ ಈ ತೂತು ಮುಚ್ಚಬಹುದು" ಅಂದೆ.

ಡಾಕ್ಟರು ಕನ್ನಡಕ ಹಣೆಗೇರಿಸಿ, ಫ್ಲೋಟನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಅರಳಿತು. "ಇದು ಕ್ಯಾವಿಟಿ!" ಅಂದವರೇ ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಆಟೋ ಹತ್ತಿ ಕ್ಲಿನಿಕ್ಕಿಗೆ ಹೊರಟೇಹೋದರು. ಮಾರನೇ ದಿನ ತಂದಾಗ ನೋಡುತ್ತೇನೆ, ಒಳಗಿನ ನೀರೆಲ್ಲ ಸಿರಿಂಜಿನಿಂದ ಎಳೆದು, ಹಲ್ಲಿಗೆ ತುಂಬುವ ಸಿಮೆಂಟನ್ನೇ ತುಂಬಿ, ಮೇಲೆ ಪಾಲಿಶ್ ಬೇರೆ ಮಾಡಿದ್ದಾರೆ. ನೀರಿಗೆ ಬಿಟ್ಟೆ. ತೇಲಿತು. ದೀಪ ಆರಿತು.

ಅಪ್ಪ, "ಹ್ಯಾಂಗಿತ್ರಿ ಪೇಷಂಟು?" ಅಂತ ಕೇಳಿದರು.

"ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಪೇಷಂಟ್ ಸಿಕ್ಕಿರಲಿಲ್ಲ" ಅಂದರು ಡಾಕ್ಟರು. "ಅಳಲಿಲ್ಲ, ಬೆರಳು ಕಚ್ಚಲಿಲ್ಲ, ದಿನಾ ಎರಡು ಸಲ ಉಜ್ತೀನಿ ಅಂತ ಸುಳ್ಳೂ ಹೇಳಲಿಲ್ಲ."

ಭಾನುವಾರದ ಜ್ವರ

ಕೆಲವು ತಿಂಗಳು ಕಾರು ಸುಖವಾಗಿತ್ತು. ಆಮೇಲೊಂದು ಸೋಮವಾರ ಡಾಕ್ಟರು ಬಂದು, "ಮೇಡಂ, ನಿನ್ನೆ ದೀಪ ಹತ್ತಿತ್ತು" ಅಂದರು. ನೋಡಿದೆ. ಹತ್ತಿಲ್ಲ. ಕಳಿಸಿದೆ. ಮುಂದಿನ ಸೋಮವಾರ ಮತ್ತೆ ಅದೇ. ಅದರ ಮುಂದಿನ ಸೋಮವಾರವೂ ಅದೇ. ವಾರವೆಲ್ಲ ಮನೆಯಿಂದ ಕ್ಲಿನಿಕ್, ಕ್ಲಿನಿಕ್ಕಿಂದ ಮನೆ, ಏನೂ ಇಲ್ಲ. ಭಾನುವಾರ ಚರ್ಚಿನಿಂದ ಹೊರಗೆ ಬಂದು ಕೀ ತಿರುಗಿಸಿದರೆ ದೀಪ. ಮನೆ ಮುಟ್ಟುವಷ್ಟರಲ್ಲಿ ಮಾಯ.

ನನಗೆ ಒಬ್ಬರು ಸ್ನೇಹಿತರಿದ್ದರು, ಶಿವಾಜಿನಗರದಲ್ಲಿ ರೇಡಿಯೇಟರ್ ಬೆಸುಗೆ ಹಾಕುವ ಭಾಯ್. ಸ್ನೇಹಿತರು ಅನ್ನುವುದಕ್ಕಿಂತ ಎದುರಾಳಿ ಅನ್ನುವುದು ಸರಿ. ಯಾವ ಗಾಡಿಗೆ ಏನೇ ಆದರೂ ಅವರ ಪ್ರಕಾರ ರೇಡಿಯೇಟರ್ ತಪ್ಪು, ನನ್ನ ಪ್ರಕಾರ ವೈರಿಂಗ್ ತಪ್ಪು. ಸೋತವರು ಟೀ ಕುಡಿಸಬೇಕು. ಅವರು ಈ ಕಥೆ ಕೇಳಿ, "ಬೆಹೆನ್, ಇದು ನಂದೂ ಅಲ್ಲ, ನಿಂದೂ ಅಲ್ಲ. ಇದಕ್ಕೆ ತಾಯತ ಕಟ್ಟಬೇಕು" ಅಂತ ಎದ್ದುಹೋದರು.

ನನಗೆ ಅವಮಾನವಾಯಿತು. ಮುಂದಿನ ಭಾನುವಾರ ಮಲ್ಲಿಗೆ ಮುಡಿದು, ಚೀಲದಲ್ಲಿ ಟೆಸ್ಟ್ ಲ್ಯಾಂಪ್, ಮೀಟರ್ ಹಾಕಿಕೊಂಡು ನಾನೇ ಚರ್ಚಿಗೆ ಹೋದೆ. ಕೊನೆಯ ಬೆಂಚಿನಲ್ಲಿ ಕೂತು ಪ್ರಾರ್ಥನೆ ಪೂರ್ತಿ ಕೇಳಿದೆ. ಎಲ್ಲರೂ ಎದ್ದಾಗ ಎದ್ದೆ, ಕೂತಾಗ ಕೂತೆ. ಮುಗಿದ ತಕ್ಷಣ ಡಾಕ್ಟರ ಹಿಂದೆಯೇ ಓಡಿದೆ.

ಕಾರು ಗುಲ್‌ಮೊಹರ್ ಮರದ ಕೆಳಗಿತ್ತು. ನೆರಳಿಗೆ ಅಂತ ಡಾಕ್ಟರು ಪ್ರತಿ ವಾರ ಅಲ್ಲೇ ನಿಲ್ಲಿಸುತ್ತಿದ್ದರಂತೆ. ಕೀ ತಿರುಗಿಸಿದರು. ದೀಪ ಹತ್ತಿತು! ನಾನು ನೋಡಿದ್ದು ದೀಪವನ್ನಲ್ಲ, ನೆಲವನ್ನು. ಮರದ ಬೇರು ಎದ್ದು ಆ ಜಾಗ ಒಂದು ಕಡೆ ಮೇಲೆ, ಇನ್ನೊಂದು ಕಡೆ ತಗ್ಗು. ಕಾರು ಒಂದು ಪಕ್ಕಕ್ಕೆ ವಾಲಿ ನಿಂತಿದೆ.

"ಡಾಕ್ಟ್ರೇ, ನ್ಯೂಟ್ರಲ್ ಮಾಡಿ" ಅಂದೆ. ಹಾಡಿನ ತಂಡದ ನಾಲ್ವರು, ಬಿಳಿ ನಿಲುವಂಗಿಯಲ್ಲೇ ಬಂದು ತಳ್ಳಿದರು. ಕಾರು ಸಮತಟ್ಟಿಗೆ ಬಂತು. ಎರಡು ಕ್ಷಣ. ದೀಪ ಆರಿತು. ವಿಷಯ ಇಷ್ಟೇ: ತೊಟ್ಟಿಯಲ್ಲಿ ನೀರು ಒಂದಿಷ್ಟು ಕಮ್ಮಿಯಿತ್ತು. ಸಮ ನೆಲದಲ್ಲಿ ಸಾಕಾಗುತ್ತಿತ್ತು, ವಾಲಿದಾಗ ನೀರೆಲ್ಲ ಒಂದು ಮೂಲೆಗೆ ಸರಿದು ಫ್ಲೋಟ್ ಕೆಳಗಿಳಿಯುತ್ತಿತ್ತು. ಅರ್ಧ ಲೋಟ ನೀರು ಹಾಕಿದೆ, ಮರದ ಕೆಳಗೆ ಮತ್ತೆ ನಿಲ್ಲಿಸಿ ತೋರಿಸಿದೆ. ದೀಪ ಹತ್ತಲಿಲ್ಲ. ಸುತ್ತ ನಿಂತಿದ್ದ ಜನವೆಲ್ಲ ಚಪ್ಪಾಳೆ ಹೊಡೆದರು. ಹೇಳಬಾರದು, ನನಗೆ ಎದೆ ಉಬ್ಬಿ ರವಿಕೆ ಬಿಗಿಯಾಯಿತು.

ಅಷ್ಟರಲ್ಲಿ ಫಾದರ್ ಬಂದರು. ಏನು ಗಲಾಟೆ ಅಂತ ಕೇಳಿ ತಿಳಿದುಕೊಂಡು, ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು.

"ಏನಮ್ಮಾ, ಇವರೊಳಗೆ ಒಂದು ದೀಪ ಹಚ್ಚೋಕೆ ನಾನು ಎಷ್ಟೋ ವರ್ಷದಿಂದ ಒದ್ದಾಡ್ತಿದ್ದೀನಿ, ಒಬ್ಬರೂ ಚಪ್ಪಾಳೆ ಹೊಡೆದಿಲ್ಲ. ನೀನು ಒಂದೇ ಭಾನುವಾರ ಬಂದು ಆರಿಸಿದ್ದಕ್ಕೆ ಇಷ್ಟು ಸಂಭ್ರಮಾನಾ!"

ತಲೆ ಮತ್ತು ಕಾಲು

ಬರೀ ಗೆದ್ದದ್ದನ್ನೇ ಹೇಳಿದರೆ ನೀವು ನಂಬುವುದಿಲ್ಲ. ಸೋತದ್ದೂ ಒಂದಿದೆ.

ಒಮ್ಮೆ ಕಾರಿನ ನೀರು ನಿಜವಾಗಿಯೂ ಇಳಿಯತೊಡಗಿತು. ತುಂಬಿಸುವುದು, ಎರಡು ದಿನಕ್ಕೆ ದೀಪ ಹತ್ತುವುದು, ಮತ್ತೆ ತುಂಬಿಸುವುದು. ನಾನು ಕಾರಿನ ಕೆಳಗೆ ಹಳೇ ಪೇಪರ್ ಹಾಸಿ ನೋಡಿದೆ. ಒಂದು ಹನಿ ಇಲ್ಲ. ಪೈಪು ಪೈಪೂ ಮುಟ್ಟಿ ನೋಡಿದೆ. ಒಣ. ನೀರು ಹೊರಗೆ ಹೋಗುತ್ತಿಲ್ಲ ಅಂದ ಮೇಲೆ ಇಂಜಿನ್ನೇ ಒಳಗೊಳಗೆ ಕುಡಿಯುತ್ತಿರಬೇಕು. ಹಾಗಾದರೆ ಇಂಜಿನ್ ಬಿಚ್ಚಲೇಬೇಕು. ಡಾಕ್ಟರಿಗೆ ಹೇಳಿದೆ. ಅವರ ಕಣ್ಣಲ್ಲಿ ನೀರು ಬಂತು. "ದವಡೆ ತೆಗೀಬೇಕು ಅಂತೀರಾ?" ಅಂದರು.

ಮೂರನೇ ದಿನ ರೇಡಿಯೇಟರ್ ಭಾಯ್ ಬಂದರು. ಅವರಿಗೆ ಈ ಕಾರಿನಲ್ಲಿ ಒಂದು ಸಲ ಕೂರಬೇಕು ಅಂತ ಬಹಳ ದಿನದ ಆಸೆ. "ಕೂತ್ಕೊಳ್ಳಿ ಭಾಯ್, ಇವತ್ತಲ್ಲ ನಾಳೆ ಇದು ಬಿಚ್ಚಿಹೋಗುತ್ತೆ" ಅಂದೆ. ಅವರು ಚಪ್ಪಲಿ ಫುಟ್‌ಪಾತಿನಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಿದರು. "ಇಂಥಾ ಗಾಡಿಗೆ ಚಪ್ಪಲಿ ಹಾಕ್ಕೊಂಡು ಹತ್ತಬಾರದು ಬೆಹೆನ್, ಮರ್ಯಾದೆ ಅಲ್ಲ."

ಹತ್ತಿದವರು ಒಂದು ಕಾಲು ಎತ್ತಿದರು. ಇನ್ನೊಂದು ಎತ್ತಿದರು.

"ಬೆಹೆನ್, ಇವರು ಒಳಗೆ ಗಿಡ ಬೆಳೆಸ್ತಿದ್ದಾರಾ? ಕಾರ್ಪೆಟ್ ತೊಪ್ಪೆ ಆಗಿದೆ!"

ಬಗ್ಗಿ ನೋಡಿದೆ. ವಿದೇಶದ ಚಳಿಗೆ ಅಂತ ಕಾಲಿನ ಹತ್ತಿರ ಒಂದು ಪುಟ್ಟ ಹೀಟರ್ ಇರುತ್ತೆ, ಇಂಜಿನ್ನಿನ ಬಿಸಿನೀರೇ ಅದರೊಳಗೂ ಹಾಯುತ್ತೆ. ಬೆಂಗಳೂರಿನಲ್ಲಿ ಅದು ಯಾರಿಗೂ ಬೇಡ, ಅದರ ನೆನಪೂ ನನಗಿರಲಿಲ್ಲ. ಅದು ಸೋರಿ, ನೀರೆಲ್ಲ ಕಾರ್ಪೆಟ್ಟಿನ ಹೊಟ್ಟೆ ಸೇರುತ್ತಿತ್ತು. ನೆಲಕ್ಕೆ ಹನಿ ಬೀಳುವುದು ಎಲ್ಲಿಂದ? ಹೀಟರ್ ಅಂದರೂ ಅದೊಂದು ಮರಿ ರೇಡಿಯೇಟರೇ. ಭಾಯ್ ಅದನ್ನು ಬಿಚ್ಚಿ, ಅರ್ಧ ದಿನದಲ್ಲಿ ಬೆಸುಗೆ ಹಾಕಿ ತಂದರು. ಇಂಜಿನ್ ಉಳಿಯಿತು.

ಟೀ ನಾನೇ ಕುಡಿಸಿದೆ. ಭಾಯ್ ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, ಬಹಳ ವಿನಯದಿಂದ ಅಂದರು:

"ಬೇಜಾರು ಮಾಡ್ಕೋಬೇಡ. ನೀನು ಮೂರು ದಿನ ತಲೆ ಉಪಯೋಗಿಸಿದೆ, ನಾನು ಮೂರು ನಿಮಿಷ ಕಾಲು ಉಪಯೋಗಿಸಿದೆ. ಅವರವರ ಹತ್ರ ಏನಿದೆಯೋ ಅದು."

ಕಪ್ಪು ಬೊಟ್ಟು

ಡಾಕ್ಟರಿಗೆ ಒಬ್ಬ ಭಾಮೈದ, ಹೆಂಡತಿಯ ತಮ್ಮ. ಆ ಕಾರಿನ ಮೇಲೆ ಅವನಿಗೆ ವಿಪರೀತ ಮೋಹ. ಡಾಕ್ಟರು ಒಂದು ವಾರ ಊರಲ್ಲಿಲ್ಲದಾಗ ಕೀ ಅವನ ಕೈಗೆ ಬಂತು. "ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡು, ಅಷ್ಟೇ" ಅಂತ ಹೇಳಿಹೋಗಿದ್ದರು.

ಅವನು ಸ್ಟಾರ್ಟ್ ಮಾಡಿದ್ದು ಮನೆ ಮುಂದೆ. ಆಫ್ ಆದದ್ದು ಕೆ.ಆರ್.ಪುರದ ಸಂತೆ ಬಳಿ. ಆಫೀಸಿನ ಸ್ನೇಹಿತರಿಗೆ ತೋರಿಸೋಣ ಅಂತ ಹೊರಟಿದ್ದನಂತೆ.

ಅಂಗಡಿಗೆ ಫೋನ್ ಬಂತು, ಯಾವುದೋ ಎಸ್‌ಟಿಡಿ ಬೂತಿನಿಂದ. "ಮೇಡಂ, ಬಾನೆಟ್ಟಿಂದ ಹೊಗೆ ಬರ್ತಿದೆ. ಆದ್ರೆ ದೀಪ ಏನೂ ಹತ್ತಿಲ್ಲ, ಅದಕ್ಕೇ ಭಯ ಇಲ್ಲ ಅಂದ್ಕೊಂಡಿದ್ದೀನಿ."

"ಇಂಜಿನ್ ಆಫ್ ಮಾಡಿ! ಮುಚ್ಚಳ ಮುಟ್ಬೇಡಿ! ಬಂದೆ!" ಅಂತ ಆಟೋ ಹಿಡಿದು ಓಡಿದೆ. ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ದೀಪ ಯಾಕೆ ಹತ್ತಲಿಲ್ಲ? ನಾನು ಕೈಯಾರೆ ಮಾಡಿದ ಕೆಲಸ ಅದು. ದೀಪ ಸುಳ್ಳು ಹೇಳಿತು ಅಂದರೆ ನಾನು ಸುಳ್ಳು ಹೇಳಿದ ಹಾಗೆ.

ಹೋಗಿ ನೋಡಿದರೆ ನೀರಿನ ರಬ್ಬರ್ ಪೈಪು ಒಡೆದಿದೆ. ಪುಣ್ಯಕ್ಕೆ ಇಂಜಿನ್ನಿಗೆ ಏನೂ ಆಗಿಲ್ಲ. ಪೈಪು ಬದಲಾಯಿಸುವ ಮೊದಲು ಕೀ ತಿರುಗಿಸಿ ಡ್ಯಾಶ್‌ಬೋರ್ಡ್ ನೋಡಿದೆ. ದೀಪ ಇರುವ ಜಾಗದಲ್ಲಿ ದುಂಡಗೆ, ಕಪ್ಪಗೆ ಏನೋ ಇದೆ. ಉಗುರಿನಿಂದ ಕೆರೆದೆ. ಹೆಂಗಸರು ಹಣೆಗಿಡುವ ಸ್ಟಿಕರ್ ಬೊಟ್ಟು! ಅದರ ಕೆಳಗೆ ನನ್ನ ದೀಪ ಕೆಂಪಗೆ ಉರಿಯುತ್ತಿತ್ತು, ಪಾಪ, ತನ್ನ ಕೆಲಸ ತಾನು ಮಾಡಿಕೊಂಡು. ನನಗೆ ಹೋದ ಜೀವ ಬಂತು.

"ಇದೇನ್ರೀ?"

"ಹಲಸೂರು ದಾಟಿದ ಕೂಡ್ಲೇ ಹತ್ಕೊಳ್ತು ಮೇಡಂ. ಕಣ್ಣಿಗೆ ಚುಚ್ತಿತ್ತು. ಫ್ಯಾನ್ಸಿ ಸ್ಟೋರಲ್ಲಿ ಒಂದು ಶೀಟ್ ತಗೊಂಡು..." ಅಂತ ಕೈ ಮುಗಿದ. "ಭಾವಂಗೆ ಹೇಳ್ಬೇಡಿ ಮೇಡಂ, ಸಾಯಿಸಿಬಿಡ್ತಾರೆ."

ನಾನು ಹೇಳಲಿಲ್ಲ. ಪೈಪು ಹಾಕಿ, ನೀರು ತುಂಬಿಸಿ, ಕಾರನ್ನು ಮನೆ ಮುಟ್ಟಿಸಿದೆ. ಆದರೆ ಆ ಪುಣ್ಯಾತ್ಮ ದೀಪದ ಪಕ್ಕದ ಗಡಿಯಾರದ ಮೇಲೂ ಅಂದಾಜು ತಪ್ಪಿ ಒಂದು ಬೊಟ್ಟು ಅಂಟಿಸಿದ್ದ. ಅದು ನಮ್ಮಿಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಊರಿಂದ ಬಂದ ಡಾಕ್ಟರ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಭಾಮೈದನನ್ನು ಕೂಗಿದರು. ನಾನೂ ಅಲ್ಲೇ ಇದ್ದೆ.

"ಏನೋ ಇದು, ನನ್ನ ಕಾರಲ್ಲಿ ಬೊಟ್ಟು?"

ಅವನು ಕಣ್ಣು ಮಿಟುಕಿಸಲಿಲ್ಲ.

"ದೃಷ್ಟಿಬೊಟ್ಟು, ಭಾವ. ಎಲ್ಲರ ಕಣ್ಣೂ ಇದರ ಮೇಲೇ ಇದೆ."

ಶುದ್ಧ ನೀರಿನ ಕಾಯಿಲೆ

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಿಮೆಂಟು ತುಂಬಿದ ಆ ಫ್ಲೋಟ್ ಕೊನೆಗೂ ಸವೆದುಹೋಯಿತು. ಡಾಕ್ಟರ ಅಣ್ಣ ವಿದೇಶದಿಂದ ಹೊಸ ನಮೂನೆಯದು ತಂದುಕೊಟ್ಟರು. ಅದರಲ್ಲಿ ಉಂಡೆಯಿಲ್ಲ, ಎರಡು ಪುಟ್ಟ ಕಡ್ಡಿಗಳಷ್ಟೇ. ಎರಡೂ ನೀರಿನಲ್ಲಿ ಮುಳುಗಿದ್ದರೆ ಒಂದರಿಂದ ಇನ್ನೊಂದಕ್ಕೆ ನೀರಿನ ಮೂಲಕವೇ ಒಂಚೂರು ಕರೆಂಟ್ ಹಾಯುತ್ತೆ, ದೀಪ ಆರಿರುತ್ತೆ. ನಾನೇ ಕೂರಿಸಿಕೊಟ್ಟೆ. ಚೆನ್ನಾಗಿ ನಡೆಯಿತು.

ತಿಂಗಳ ಮೇಲೆ ದೀಪ ಹತ್ತಿತು. ಆಗ ನಾನು ಅಕ್ಕನ ಮಗಳ ಬಾಣಂತನಕ್ಕೆ ಊರಿಗೆ ಹೋಗಿದ್ದೆ. ಡಾಕ್ಟರು ಕಾಯಲಾರದೆ ಇಂದಿರಾನಗರದ ಒಂದು ಹವಾನಿಯಂತ್ರಿತ ವರ್ಕ್‌ಶಾಪಿಗೆ ಒಯ್ದರು. ಅಲ್ಲಿ ಟೈ ಕಟ್ಟಿದ ಇಂಜಿನಿಯರ್ ಲ್ಯಾಪ್‌ಟಾಪ್ ಹಿಡಿದು ಬಂದು, ಅದನ್ನು ಚುಚ್ಚುವ ಜಾಗ ಹುಡುಕಿಕೊಂಡು ಕಾರಿನ ಒಳಗೆ, ಹೊರಗೆ, ಕೆಳಗೆ ಅರ್ಧ ದಿನ ಓಡಾಡಿದನಂತೆ. ಈ ಕಾರು ಹುಟ್ಟಿದಾಗ ಆ ತೂತು ಹುಟ್ಟಿರಲಿಲ್ಲ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ, "ಸಾರ್, ಇದು ನಮ್ಮ ಸಿಲಬಸ್ಸಲ್ಲಿ ಇಲ್ಲ" ಅಂತ ವಾಪಸ್ ಕೊಟ್ಟ.

ನಾನು ಬಂದವಳೇ ತೊಟ್ಟಿ ನೋಡಿದೆ. ತುಂಬಿದೆ. ಎರಡು ಕಡ್ಡಿಗೂ ಒಂದು ತುಂಡು ವೈರ್ ಮುಟ್ಟಿಸಿದೆ. ದೀಪ ಆರಿತು. ವೈರಿಂಗ್ ಸರಿ. ಕಡ್ಡಿ ಉಜ್ಜಿ ತೊಳೆದು ಮತ್ತೆ ಹಾಕಿದೆ. ದೀಪ ಹತ್ತಿತು. ತೊಟ್ಟಿಯೊಳಗೆ ಇಣುಕಿದೆ. ನೀರು ಹಸಿರಾಗಿಲ್ಲ. ಗಾಜಿನ ಹಾಗೆ ತಿಳಿಯಾಗಿ ಫಳಫಳ ಹೊಳೆಯುತ್ತಿದೆ.

"ಡಾಕ್ಟ್ರೇ, ಇದು ಯಾವ ನೀರು?"

ಡಾಕ್ಟರು ಎದೆಯುಬ್ಬಿಸಿ ಹೇಳಿದರು: "ಹಸಿರು ಔಷಧಿ ಸಿಕ್ಕಿರಲಿಲ್ಲ, ಒಂದು ವಾರದ ಮಟ್ಟಿಗೆ ಅಂತ ಎಲ್ಲ ತೊಳೆದು ಕ್ಲಿನಿಕ್ಕಿನ ಡಿಸ್ಟಿಲ್ಡ್ ವಾಟರ್ ಹಾಕಿದ್ದೀನಿ. ಇನ್‌ಸ್ಟ್ರುಮೆಂಟ್ ಕುದಿಸೋಕೆ ಇಟ್ಟಿದ್ದು. ಇದಕ್ಕಿಂತ ಶುದ್ಧವಾದ ನೀರು ಬೆಂಗಳೂರಲ್ಲೇ ಇಲ್ಲ!"

ನಾನು ಟೀ ಅಂಗಡಿಯ ನಲ್ಲಿಯಿಂದ ಒಂದು ಚೊಂಬು ನೀರು ಹಿಡಿದು ತಂದೆ. ತೊಟ್ಟಿಯಿಂದ ಒಂದಿಷ್ಟು ತೆಗೆದು, ಇದನ್ನು ಸುರಿದೆ. ದೀಪ ಆರಿತು.

ಡಾಕ್ಟರು ಬಾಯಿ ತೆರೆದರು. ಹಲ್ಲಿನ ಡಾಕ್ಟರ ಬಾಯಿ ಅಷ್ಟು ಅಗಲ ತೆರೆದದ್ದು ನಾನು ನೋಡಿದ್ದು ಅವತ್ತೇ.

"ನಿಮ್ಮ ನೀರು ತುಂಬಾ ಒಳ್ಳೇದು ಸಾರ್, ಅದೇ ಅದರ ಕಾಯಿಲೆ" ಅಂದೆ. "ಅಷ್ಟು ಶುದ್ಧವಾದ ನೀರಲ್ಲಿ ಕರೆಂಟ್ ಹಾಯಲ್ಲ. ಸ್ವಲ್ಪ ಉಪ್ಪು, ಸ್ವಲ್ಪ ಸುಣ್ಣ ಇರ್ಬೇಕು. ಔಷಧಿ ಸಿಕ್ಕಿದ ಕೂಡ್ಲೇ ಹಾಕೋಣ, ಅಲ್ಲೀ ತನಕ ಇದಿರಲಿ."

ಅಪ್ಪ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು. ರಸ್ತೆಯಲ್ಲಿ ಹೋಗುವವರಿಗೆಲ್ಲ ಕೇಳಿಸುವ ಹಾಗೆ, "ಆಕಿ ನನ್ನ ಮಗಳು" ಅಂದರು. ಜೀವಮಾನದಲ್ಲಿ ನನ್ನನ್ನು ಬಾಯಿಬಿಟ್ಟು ಹೊಗಳಿದ್ದು ಅಷ್ಟೇ. ನನಗೆ ಸಾಕಾಯಿತು.

ಟೀ ಅಂಗಡಿಯವನಿಗೂ ಸಾಕಾಗುವಷ್ಟು ಹೆಮ್ಮೆ. ಅವತ್ತಿಂದ ಯಾರಾದರೂ ಟೀ ಸರಿಯಿಲ್ಲ ಅಂದರೆ, "ವಿದೇಶಿ ಕಾರೇ ನಮ್ಮ ನೀರು ಕುಡಿದು ಹುಷಾರಾಗಿದೆ, ನಿಮಗೇನ್ರೀ ಧಾಡಿ?" ಅನ್ನತೊಡಗಿದ.

ಹೊರಮಾವು ರೈಲ್ವೆ ಗೇಟು

ಡಾಕ್ಟರ ಮಗಳಿಗೆ ಮದುವೆ ನಿಶ್ಚಯವಾಯಿತು. ಜೊತೆಗೆ ಕೆಲಸ ಮಾಡುವ ಹುಡುಗ, ನಮ್ಮ ರಾಯಚೂರು ಕಡೆಯವನೇ. ಎರಡು ಮನೆಯವರೂ ಜಗಳವಿಲ್ಲದೆ ಒಪ್ಪಿ, ಚರ್ಚಿನಲ್ಲಿ ಒಂದು ಮದುವೆ, ಛತ್ರದಲ್ಲಿ ಒಂದು ಮದುವೆ ಅಂತ ಮಾಡಿಕೊಂಡರು. ಚರ್ಚಿನದ್ದು ಹಿಂದಿನ ವಾರ ಮುಗಿದಿತ್ತು. ಛತ್ರ ಹೊರಮಾವಿನಲ್ಲಿ. ಮೊದಲ ದಿನ ಅರಿಶಿನ ಹಚ್ಚುವ ಶಾಸ್ತ್ರ, ಮಾರನೇ ದಿನ ಮುಹೂರ್ತ.

ಮಗಳನ್ನು ಛತ್ರಕ್ಕೆ ತಾನೇ ಆ ಕೆಂಪು ಕಾರಿನಲ್ಲಿ ಕರೆದೊಯ್ಯಬೇಕು ಅಂತ ಡಾಕ್ಟರ ಹಟ. ಸೂಟು ಹಾಕಿ, ಪಕ್ಕದಲ್ಲಿ ಮಗಳನ್ನು ಕೂರಿಸಿಕೊಂಡು ಹೊರಟರು. ಹಿಂದೆ ವ್ಯಾನಿನಲ್ಲಿ ಅವರ ಹೆಂಡತಿ, ನೆಂಟರು, ಇಳಕಲ್ ಸೀರೆ ಉಟ್ಟ ನಾನು, ಶೇರ್ವಾನಿ ತೊಟ್ಟ ರೇಡಿಯೇಟರ್ ಭಾಯ್.

ಹೊರಮಾವಿನ ರೈಲ್ವೆ ಗೇಟು ಹಾಕಿತ್ತು. ಉದ್ದಕ್ಕೆ ಗಾಡಿಗಳ ಸಾಲು. ನನ್ನ ಮೊಬೈಲ್ ಹೊಡೆದುಕೊಂಡಿತು.

"ಮೇಡಂ, ದೀಪ" ಅಂದರು ಡಾಕ್ಟರು. "ಆಫ್ ಮಾಡಿದ್ದೀನಿ. ಇನ್ನು ಮುಕ್ಕಾಲು ಗಂಟೆಗೆ ಶಾಸ್ತ್ರ."

ಇಳಿದು ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾನೆಟ್ ಎತ್ತಿದೆ. ದೀಪ ನಿಜವನ್ನೇ ಹೇಳಿತ್ತು. ರೇಡಿಯೇಟರಿನ ನಡುವೆ ಸೂಜಿಮೊನೆಯಷ್ಟು ತೂತು, ನೀರು ದಾರದ ಹಾಗೆ ಚಿಮ್ಮುತ್ತಿತ್ತು. ಭಾಯ್ ಬಂದು ನೋಡಿ, "ಇದು ನಂದು" ಅಂದರು, ಒಂದು ನಮೂನೆ ಖುಷಿಯಲ್ಲಿ. ಆಮೇಲೆ ಖುಷಿ ಇಳಿಯಿತು. "ಬೆಸುಗೆ ಸಾಮಾನು ಅಂಗಡಿಯಲ್ಲಿದೆ. ಇಲ್ಲಿ ಒಂದೇ ದಾರಿ. ಹಲ್ದಿ."

ನಿಜ. ಲಾರಿ ಡ್ರೈವರುಗಳ ಹಳೇ ಉಪಾಯ. ರೇಡಿಯೇಟರಿಗೆ ಅರಿಶಿನದ ಪುಡಿ ಹಾಕಿದರೆ ಅದು ಸುತ್ತಿ ಸುತ್ತಿ ಹೋಗಿ ಸಣ್ಣ ತೂತಿನಲ್ಲಿ ಕೂತು ಮುಚ್ಚಿಬಿಡುತ್ತೆ. ಆದರೆ ರೈಲ್ವೆ ಗೇಟಿನಲ್ಲಿ ಅರಿಶಿನ ಎಲ್ಲಿಂದ ತರೋದು? ಕಡ್ಲೆಕಾಯಿ ಮಾರುವವನ ಹತ್ತಿರ ಖಾರದ ಪುಡಿಯಿತ್ತು, ಅಷ್ಟೇ.

ಆಗ ಮದುಮಗಳು ಕಾರಿನೊಳಗಿಂದ ಕೈ ಚಾಚಿ, "ಆಂಟಿ, ಮುಂದೆ ಮಿನಿ ಬಸ್ಸು ನಿಂತಿದೆಯಲ್ಲ, ಅದು ಅವರದೇ!" ಅಂದಳು. ಗಂಡಿನ ಕಡೆಯವರು ಅದೇ ಗೇಟಿನಲ್ಲಿ ಸಿಕ್ಕಿಕೊಂಡಿದ್ದರು.

ಬಸ್ಸು ಹತ್ತಿದೆ. ಮುಂದಿನ ಸೀಟಿನಲ್ಲಿ ಗಂಡಿನ ಅಜ್ಜಿ, ತೊಡೆಯ ಮೇಲೆ ಹಿತ್ತಾಳೆ ಡಬ್ಬಿ. ಒಳಗೇನಿದೆ ಅಂತ ಕೇಳಬೇಕಾಗಿರಲಿಲ್ಲ, ಅಜ್ಜಿಯ ಹತ್ತೂ ಬೆರಳು ಹಳದಿ.

"ಅಜ್ಜೀ, ಅರಿಶಿಣ ಬೇಕಾಗೇದ. ಜರೂರು" ಅಂದೆ, ಊರಿನ ಮಾತಿನಲ್ಲೇ.

"ಯಾರಿಗವ್ವ?"

"ಕಾರಿಗಿ."

ಅಜ್ಜಿ ನನ್ನ ಕೈಯ ಮಸಿ ನೋಡಿದರು, ಸೀರೆ ನೋಡಿದರು, ಮುಖ ನೋಡಿದರು. "ಇಳಕಲ್ ಸೀರಿ ಉಟ್ಟಾಕಿ ಸುಳ್ಳು ಹೇಳಂಗಿಲ್ಲ" ಅಂತ ತೀರ್ಪು ಕೊಟ್ಟು, "ತಡಿ, ನಾನೂ ಬರ್ತೀನಿ. ಶಾಸ್ತ್ರದ ಅರಿಶಿಣ, ಕಂಡವರ ಕೈಗಿ ಕೊಡಂಗಿಲ್ಲ" ಅಂತ ಡಬ್ಬಿ ಎದೆಗವಚಿಕೊಂಡು ಇಳಿದರು. ಮದುಮಗಳಿಗೆ ಅಂತ ಎರಡು ಹಿಡಿ ಬೇರೆ ತೆಗೆದಿಟ್ಟರು. ಇಂಜಿನ್ನಿನ ಬಿಸಿ ಆರಿದ ಮೇಲೆ ನಾನು ನೆನೆಸಿದ ಬಟ್ಟೆ ಹಿಡಿದು ಮೆಲ್ಲಗೆ ಮುಚ್ಚಳ ತೆಗೆದೆ. ಅಜ್ಜಿ ಬಾಯಲ್ಲಿ ಏನೋ ಸೋಬಾನೆ ಗುನುಗುತ್ತಾ ಉಳಿದದ್ದನ್ನೆಲ್ಲ ರೇಡಿಯೇಟರಿಗೆ ಸುರಿದರು. ಸುತ್ತಲಿದ್ದವರು ತಮ್ಮ ತಮ್ಮ ಬಾಟಲಿಯ ನೀರು ಕೊಟ್ಟರು. ಒಂದು ರೈಲು ಹೋಯಿತು, ಗೇಟು ತೆಗೆಯಲಿಲ್ಲ, ಇನ್ನೊಂದು ರೈಲು ಬಂತು. ಕಿಟಕಿಗಳಲ್ಲಿ ಜನ ಕತ್ತು ಚಾಚಿ ನೋಡುತ್ತಿದ್ದರು.

ಸ್ಟಾರ್ಟ್ ಮಾಡಿಸಿದೆ. ತೂತಿನಿಂದ ಮೊದಲು ಹಳದಿ ದಾರ ಚಿಮ್ಮಿತು, ಆಮೇಲೆ ಹನಿ, ಆಮೇಲೆ ಏನೂ ಇಲ್ಲ. ದೀಪ ಆರಿತು. ಗೇಟು ಮೇಲೆದ್ದಿತು. ಭಾಯ್ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ನಮ್ಮ ಹದಿನೈದು ವರ್ಷದ ಟೀ ಪಂದ್ಯದಲ್ಲಿ ಇಬ್ಬರೂ ಗೆದ್ದದ್ದು ಅವತ್ತೊಂದೇ ದಿನ.

ಮದುಮಗಳು ಹೊತ್ತಿಗೆ ಸರಿಯಾಗಿ ಛತ್ರ ಮುಟ್ಟಿದಳು. ಶಾಸ್ತ್ರ ಚೆನ್ನಾಗಿ ಆಯಿತು. ಡಾಕ್ಟರು ಬಂದವರಿಗೆಲ್ಲ ನನ್ನನ್ನು ತೋರಿಸಿ, "ನಮ್ಮ ಮೇಸ್ತ್ರಿ" ಅಂತ ಪರಿಚಯ ಮಾಡಿಸಿದರು. ಇಡೀ ಛತ್ರದಲ್ಲಿ ನನ್ನಷ್ಟು ಮದುಮಗನೂ ಬೀಗಿರಲಿಲ್ಲ.

ಸಂಜೆ ಡಾಕ್ಟರು ಮನೆಗೆ ಹೊರಟರು. ಕಾರಿನ ಹತ್ತಿರ ಹೋದರೆ, ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ.

"ಅಮ್ಮಾ, ಸ್ವಲ್ಪ ಜಾಗ ಬಿಡಿ, ಕಾರು ತೆಗೀಬೇಕು."

"ತೆಗ್ಯಂಗಿಲ್ರಿ ಬೀಗರ" ಅಂದರು ಅಜ್ಜಿ.

"ಯಾಕೆ?"

"ಅರಿಶಿಣ ಬಿದ್ದ ಮ್ಯಾಲ ಹೊಸ್ತಿಲು ದಾಟಂಗಿಲ್ಲ. ಗಾಳಿ ಗೀಳಿ ಬಡೀತದ. ಮದುಮಕ್ಕಳಿಗಿ ಹ್ಯಾಂಗೋ ಇದಕ್ಕೂ ಹಾಂಗ. ನಾಳೆ ಅಕ್ಷತಿ ಬೀಳಲಿ, ಆಮ್ಯಾಲ ಒಯ್ಯಿರಿ."

ಡಾಕ್ಟರು ನನ್ನ ಕಡೆ ನೋಡಿದರು. ಕಾರಿನ ವಿಷಯದಲ್ಲಿ ಅವರು ಬೇರೆ ಯಾರ ಮಾತೂ ಕೇಳುತ್ತಿರಲಿಲ್ಲ. ನಾನು ಅಜ್ಜಿಯನ್ನು ನೋಡಿದೆ. ಅಜ್ಜಿ ಹಳದಿ ಬೆರಳು ಬಾನೆಟ್ಟಿನ ಮೇಲಿಟ್ಟು ಕೂತಿದ್ದರು.

"ಅಜ್ಜಿ ಹೇಳಿದ್ದು ಸರಿ ಡಾಕ್ಟ್ರೇ" ಅಂದೆ. "ಮದುವೆ ಮುಗಿಯೋ ತನಕ ಓಡಿಸೋ ಹಾಗಿಲ್ಲ."

ಸೂಟು ಬೂಟು ಹಾಕಿದ ಹೆಣ್ಣಿನ ತಂದೆ ಆಟೋದಲ್ಲಿ ಮನೆಗೆ ಹೋದರು. ಮಾರನೇ ದಿನ ಮುಹೂರ್ತಕ್ಕೆ ಆಟೋದಲ್ಲೇ ಬಂದರು. ತಾಳಿ ಕಟ್ಟಿದ ಕೂಡಲೇ ಎಲ್ಲರೂ ಗಂಡು ಹೆಣ್ಣಿನ ಮೇಲೆ ಅಕ್ಷತೆ ಹಾಕಿದರು. ಅಜ್ಜಿ ತಮ್ಮ ಪಾಲಿನದ್ದನ್ನು ಅರ್ಧ ಹಾಕಿ, ಉಳಿದರ್ಧ ಮುಷ್ಟಿಯಲ್ಲಿ ಹಿಡಿದುಕೊಂಡು, ಜನರನ್ನು ಸರಿಸುತ್ತಾ ಹೊರಗೆ ನಡೆದರು. ಕಾರಿನ ಮೂಗಿನ ಮೇಲೆ ಅದನ್ನು ಉದುರಿಸಿ, ಎರಡೂ ಕೈಯಿಂದ ದೃಷ್ಟಿ ತೆಗೆದು ನೆಟಿಗೆ ಮುರಿದು, ಡಾಕ್ಟರ ಕಡೆ ತಿರುಗಿ ಅಪ್ಪಣೆ ಕೊಟ್ಟರು:

"ಇನ್ನ ಕರ್ಕೊಂಡು ಹೋಗ್ರಿ. ನಿಮ್ಮ ಮಗಳನ್ನ ನಾವು ನೋಡ್ಕೋತೀವಿ, ಈಕಿನ್ನ ನೀವು ಚಂದಾಗಿ ನೋಡ್ಕೋರಿ!"